ತೆಂಗುನಾಡಿನ ಕಲೆಗಳ ಪೂರ್ವೋತ್ತರ

ತುಮಕೂರು ಜಿಲ್ಲೆಯ ಪಶ್ಚಿಮಭಾಗದಲ್ಲಿ ಒಂದಕ್ಕೊಂದು ತಗುಲಿಕೊಂಡಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಕಲ್ಪತರುನಾಡೆಂಬ ಅಭಿಧಾನವು ರೂಢಿಯಲ್ಲಿರುವುದು ಶ್ರೀಮಠದ ಸದ್ಭಕ್ತರೆಲ್ಲರಿಗೂ ವಿದಿತವಾದ ವಿಷಯವೇ ಆಗಿದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಚಿಪ್ಪಿನೊಳಗೇ ಉಂಡೆಗಟ್ಟುವ ಇಲ್ಲಿನ ಕೊಬ್ಬರಿಯು ಉತ್ತರ ಹಿಂದೂಸ್ಥಾನದ ಪೇಟೆಗಳವರೆಗೂ ಹೋಗುವುದು. ತಿಪಟೂರಿನಲ್ಲಿ ಆದ ಧಾರಣೆಯನ್ನು ಕೇಳಿದ ಬಳಿಕವೇ ಸುತ್ತಣ ಊರುಗಳವರು ತಮ್ಮ ಸರಕಿಗೆ ಬೆಲೆಯನ್ನು ಹೇಳುವರು. ಹೀಗೆ ಕೊಬ್ಬರಿಯ ಲೆಕ್ಕವನ್ನು ವಾರವಾರಕ್ಕೂ ಬರೆದಿಡುವ ಈ ನಾಡಿನಲ್ಲಿ ಕಲೆಗಳ ಲೆಕ್ಕವನ್ನು ಬರೆದಿಟ್ಟವರು ವಿರಳ. ಬೇಲೂರು ಹಳೇಬೀಡುಗಳು ನೆರೆಯ ಜಿಲ್ಲೆಯಲ್ಲಿರುವುದರಿಂದ ನೋಡುವವರ ಕಣ್ಣು ಅತ್ತ ಹರಿಯಿತು. ನಾಟಕಕಂಪೆನಿಗಳು ಪಟ್ಟಣಗಳಿಗೆ ಹೊರಟುಹೋದುದರಿಂದ ಕೇಳುವವರ ಕಿವಿಯು ಇತ್ತ ತಿರುಗಲಿಲ್ಲ.

ಇದರ ಫಲವಾಗಿ ಓದು ಬಲ್ಲವರಲ್ಲಿಯೂ ಎರಡು ತಪ್ಪು ತಿಳಿವಳಿಕೆಗಳು ಬೇರೂರಿವೆ. ಇಲ್ಲಿನ ಕಲ್ಲಿನ ಗುಡಿಗಳೆಲ್ಲವೂ ಜಕಣಾಚಾರಿಯ ಕೈವಾಡವೆಂಬುದು ಒಂದು. ಇಲ್ಲಿನ ಬಯಲಾಟವು ಕರಾವಳಿಯ ಯಕ್ಷಗಾನವು ಘಟ್ಟವನ್ನು ಹತ್ತಿ ಬಂದು ಕೆಟ್ಟ ರೂಪವೆಂಬುದು ಮತ್ತೊಂದು. ಮೊದಲನೆಯ ತಪ್ಪಿನಿಂದ ಸತ್ತವರಿಗೆ ಅನ್ಯಾಯವಾಗಿದೆ. ಎರಡನೆಯದರಿಂದ ಬದುಕಿರುವವರಿಗೇ ಅನ್ಯಾಯವಾಗುತ್ತಿದೆ. ಆದುದರಿಂದ ಅದನ್ನು ಕುರಿತು ಹೆಚ್ಚು ವಿವರಿಸಬೇಕಾಗುವುದು.

ಕಾಲಾನುಕ್ರಮದಿಂದ ನೋಡಿದರೆ ಈ ಸೀಮೆಯಲ್ಲಿ ಉಳಿದುಬಂದಿರುವ ಪುರಾತನ ನಾಟ್ಯವು ಕಲ್ಲಿನಲ್ಲಿಯೇ ಇರುವುದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯವು ಗಂಗ-ನೊಳಂಬರ ಕಾಲದ್ದು. ಕ್ರಿಸ್ತಶಕ 9ನೆಯ ಶತಮಾನದ್ದೆಂದು ವಿದ್ವಾಂಸರ ಅಭಿಮತ. ಹೊರಗಿನಿಂದ ನೋಡುವವರಿಗೆ ಇದು ಸಾಧಾರಣವಾದ ಗುಡಿ. ಒಳಗೆ ಹೋಗಿ ತಲೆಯೆತ್ತಿದರೆ ನವರಂಗದ ಭುವನೇಶ್ವರಿಯಲ್ಲಿ ಶಿವನು ನರ್ತಿಸುತ್ತಿರುವನು. ಸುತ್ತಲೂ ಅಷ್ಟದಿಕ್ಪಾಲಕರು ತಮ್ಮ ತಮ್ಮ ವಾಹನಗಳನ್ನೇರಿ ನೆರೆದಿರುವರು. ಮೈಯ ಬಾಗು, ಕಾಲಿನ ಎತ್ತು, ಬಟ್ಟೆಯ ಅಲುಗು ಇವು ಮೂರೂ ಒಂದೇ ತಾಳಕ್ಕೆ ಸಿಕ್ಕಿದಂತೆ ಇರುವುವು. ಹೊಯ್ಸಳರ ಶಿಲ್ಪದಲ್ಲಿ ಆಭರಣವು ಹೆಚ್ಚಿ ದೇಹವು ಹಿಂದಾಗುವುದುಂಟು. ಇಲ್ಲಿ ದೇಹವೇ ಮುಂದು. ನೆತ್ತಿಯ ಮೇಲಣ ಕೆತ್ತನೆಯಾದುದರಿಂದ ಇದನ್ನು ನೋಡಬೇಕೆಂಬವನು ಕತ್ತು ನೋಯಿಸಿಕೊಳ್ಳಬೇಕು, ಇಲ್ಲವೆ ಬರಿನೆಲದ ಮೇಲೆ ಮಲಗಬೇಕು. ಬಹುಮಂದಿ ಕೈಮುಗಿದು ಹಾಗೆಯೇ ಹೊರಟುಬಿಡುವರು.

ಅದೇ ಊರಿನಲ್ಲಿ 13ನೆಯ ಶತಮಾನದ ಚೆನ್ನಕೇಶವ ದೇವಾಲಯವಿದೆ. ಇದರ ಕೆತ್ತನೆಯ ಕೆಳಗೆ ಹೊನೋಜನೆಂಬ ಶಿಲ್ಪಿಯು ತನ್ನ ಹೆಸರನ್ನು ಬರೆದುಕೊಂಡಿದ್ದಾನೆ. ಜಕಣಾಚಾರಿಯ ಕಥೆಯನ್ನು ತೂಗಿನೋಡುವುದಕ್ಕೆ ಈ ನಾಲ್ಕಕ್ಷರದ ರುಜುವೇ ಸಾಕು. ತುಮಕೂರಿಗೆ ಸಮೀಪದ ಕೈದಾಳವೇ ಜಕಣಾಚಾರಿಯ ಹುಟ್ಟೂರು, ಬೇಲೂರಿನಲ್ಲಿ ಕಳೆದುಕೊಂಡ ಕೈಯನ್ನು ಇಲ್ಲಿಯೇ ಮರಳಿ ಪಡೆದನು ಎಂಬ ಐತಿಹ್ಯವು ಬಹು ಮನೋಹರವಾದುದು. ತಂದೆಮಕ್ಕಳ ಸ್ಪರ್ಧೆ, ಕಲ್ಲಿನೊಳಗಣ ಕಪ್ಪೆ, ತಪ್ಪೊಪ್ಪಿಕೊಂಡ ಗುರು, ಇವೆಲ್ಲ ಕೇಳುವವರ ಮನಸ್ಸನ್ನು ಹಿಡಿಯತಕ್ಕವು. ಆದರೆ ಶಾಸನಗಳಲ್ಲಿ ಅವನ ಹೆಸರು ದೊರೆಯುವುದಿಲ್ಲ. ದೊರೆಯುವುದು ಹೊನೋಜ, ಬೈಚೋಜ, ಮಲ್ಲಿತಮ್ಮ, ದಾಸೋಜ, ಚಾವಣರ ಹೆಸರುಗಳು. ಮೈಸೂರು ಸಂಸ್ಥಾನದ ಪ್ರಾಕ್ತನಶಾಖೆಯ ಅಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ಇಂತಹ ರುಜುಗಳನ್ನು ಶ್ರಮಪಟ್ಟು ಓದಿಸಿ ಪ್ರಕಟಿಸಿದರು. ಕಥೆಯನ್ನು ಕಥೆಯೆಂದು ಕೇಳುವುದರಲ್ಲಿ ದೋಷವಿಲ್ಲ. ಅದರ ದೆಸೆಯಿಂದ ತನ್ನ ಹೆಸರನ್ನು ತಾನೇ ಕೊರೆದಿಟ್ಟವನನ್ನು ಮರೆಯುವುದು ಸರಿಯಲ್ಲ.

ಉಳಿದ ದೇವಾಲಯಗಳನ್ನು ಇಲ್ಲಿ ವಿಸ್ತರಿಸಲು ಸ್ಥಳವಿಲ್ಲ. ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯವನ್ನು ಅಪ್ಪಯ್ಯ, ಗೋಪಾಲ, ಮಾಧವರೆಂಬ ಮೂವರು ಸಹೋದರ ದಂಡನಾಯಕರು 1286ರಲ್ಲಿ ಕಟ್ಟಿಸಿದರು. ನಾಗಲಾಪುರದ ಕೇದಾರೇಶ್ವರ ಮತ್ತು ಚೆನ್ನಕೇಶವ, ತುರುವೇಕೆರೆಯ ಮೂಲೆಶಂಕರೇಶ್ವರ ಮತ್ತು ಚೆನ್ನಿಗರಾಯ, ಇವೂ ಹೊಯ್ಸಳ ಶಿಲ್ಪಕ್ಕೆ ಸೇರಿದವು. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ಣಾಟಿಕದ 12ನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಆಸಕ್ತರು ಅದನ್ನು ನೋಡಬಹುದು. ತುರುವೇಕೆರೆಯ ಗಂಗಾಧರೇಶ್ವರನ ಎದುರಿನ ಬಸವನ ವಿಷಯವನ್ನು ಮಾತ್ರ ಹೇಳದೆ ಬಿಡುವಂತಿಲ್ಲ. ಕನ್ನಡಿಯಂತೆ ಮೆರುಗು ಕೊಟ್ಟ ಈ ದೊಡ್ಡ ಕರಿಯ ಬಸವನ ಕಲ್ಲು ಸಮೀಪದ ಗುಡ್ಡದ್ದೇ. 1780ರ ದಶಕದಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ತನ್ನ ತಂದೆ ಹೈದರಾಲಿಗೆ ಕಟ್ಟಿಸಿದ ಗುಂಬಜಿನ ಸುತ್ತಣ ಕರಿಯ ಕಂಬಗಳೂ ಈ ತುರುವೇಕೆರೆಯ ಸೀಮೆಯಿಂದಲೇ ಹೋದವು. ಒಂದೇ ಕರಿಗಲ್ಲು ಇಲ್ಲಿ ಶಿವನ ವಾಹನವಾಯಿತು, ಅಲ್ಲಿ ಸುಲ್ತಾನನ ಗೋರಿಗೆ ಕಂಬವಾಯಿತು.

ಹೊಯ್ಸಳ ರಾಜ್ಯವು ಅಳಿದ ಮೇಲೆ ಈ ಸೀಮೆಯಲ್ಲಿ ಅಂತಹ ಶಿಲ್ಪವು ಮತ್ತೆ ಬೆಳೆಯಲಿಲ್ಲ. ಹಾಗೆಂದು ಕಲೆಯು ನಿಂತಿತೆನ್ನಲಾಗದು. ಅರಸನ ಹಣವನ್ನೂ ದಂಡನಾಯಕರ ದತ್ತಿಯನ್ನೂ ಬೇಡದ ಕಲೆಗಳು, ಅಂದರೆ ಮನುಷ್ಯನ ಮೈ ಮತ್ತು ಕಂಠಗಳನ್ನೇ ಆಶ್ರಯಿಸಿದವು, ಮುಂದೆ ಬಂದವು. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ಭಾವಚಿಂತಾರತ್ನವನ್ನೂ 1530ರಲ್ಲಿ ವೀರಶೈವಾಮೃತ ಮಹಾಪುರಾಣವನ್ನೂ ರಚಿಸಿದನು. ಇಂತಹ ಪುರಾಣಗಳು ಒಬ್ಬನೇ ಕುಳಿತು ಓದಿಕೊಳ್ಳುವುದಕ್ಕೆಂದು ಹುಟ್ಟಿದವಲ್ಲ. ಒಬ್ಬನು ರಾಗವಾಗಿ ಓದಿ ಮತ್ತೊಬ್ಬನು ಅರ್ಥವನ್ನು ಬಿಡಿಸುವ ಪುರಾಣಶ್ರವಣದ ಪದ್ಧತಿಯು ಶ್ರಾವಣಮಾಸದಲ್ಲಿ ಮಠಗಳ ಚಾವಡಿಗಳಲ್ಲಿ ನಡೆದುಬಂದಿತು. ಅಕ್ಷರವನ್ನರಿಯದವರೂ ಷಟ್ಪದಿಯ ನಡೆಯನ್ನು ಕಿವಿಯಿಂದ ಬಲ್ಲವರಾದರು. ಬಯಲಾಟದ ಭಾಗವತನಿಗೆ ಸಭೆಯು ಸಿದ್ಧವಾಗಿ ದೊರೆತುದಕ್ಕೆ ಇದೂ ಒಂದು ಕಾರಣವೆಂದು ಊಹಿಸಬಹುದಾಗಿದೆ.

ವೀರಗಾಸೆಯನ್ನು ಈ ಸೀಮೆಯಲ್ಲಿ ಲಿಂಗದ ಬೀರರ ಕುಣಿತವೆಂದೂ ಕರೆಯುವರು. ದಕ್ಷಯಜ್ಞದ ಧ್ವಂಸವೇ ಇದರ ವಸ್ತು. ಕೈಯಲ್ಲಿ ಕತ್ತಿ, ಸೊಂಟಕ್ಕೆ ಗೆಜ್ಜೆ, ಎದೆಯ ಮೇಲೆ ರುದ್ರಾಕ್ಷಿ; ಒಬ್ಬನು ಒಡಪನ್ನು ಹೇಳಿ ನಿಲ್ಲಿಸಿದೊಡನೆ ಕರಡೆಯೂ ಸಮಾಳವೂ ಒಮ್ಮೆಗೇ ಏಳುವುವು. ಒಡಪಿನ ಮಾತು ಮುಗಿಯುವುದಕ್ಕೂ ವಾದ್ಯವು ಏಳುವುದಕ್ಕೂ ನಡುವೆ ಒಂದು ಉಸಿರಿನ ಮೌನವಿದೆ; ಕುಣಿತದ ಜೀವವು ಅಲ್ಲಿರುವುದು. ಹೊಸಬರು ಗಟ್ಟಿಯಾಗಿ ಬಾರಿಸುವುದನ್ನು ಬೇಗ ಕಲಿಯುವರು, ಈ ಮೌನವನ್ನು ಕಲಿಯುವುದು ತಡ. ನಂದೀಧ್ವಜದ ಕುಣಿತವು ಶಿವೋತ್ಸವಗಳಿಗೆ ಸೇರಿದುದು. ಗ್ರಾಮದೇವತೆಯ ಮುಂದೆ ಮರದ ದೊಡ್ಡ ಮುಖವಾಡವನ್ನು ಹೊತ್ತು ಕುಣಿಯುವ ಸೋಮನ ಕುಣಿತವು ಬೇರೆಯ ಜಾತಿಯದು. ಅದರಲ್ಲಿ ಭಕ್ತಿಯಷ್ಟೇ ಭಯವೂ ಇದೆ. ಚಿಕ್ಕನಾಯಕನಹಳ್ಳಿಯ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆಯೆಂಬ ನೀಳವಾದ ಬಿದಿರಿನ ಕೊಳಲನ್ನು ಊದಿ ಜುಂಜಪ್ಪನ ಕಾವ್ಯವನ್ನು ಹಾಡುವರು. ದನಗಾಹಿ ವೀರನೊಬ್ಬನ ಚರಿತ್ರೆಯು ರಾತ್ರಿಯಿಡೀ ಸಾಗುವುದು. ಬರೆದ ಪುಸ್ತಕವಿಲ್ಲದೆ ಬಾಯಿಂದ ಬಾಯಿಗೆ ಬಂದ ಈ ಕಾವ್ಯವನ್ನು ಜಾನಪದ ವಿದ್ವಾಂಸರು ಬಹುಕಾಲದ ಮೇಲೆ ಬರಹಕ್ಕೆ ಇಳಿಸಿದರು.

ಇನ್ನು ಮೂಡಲಪಾಯದ ವಿಚಾರ. ಮೂಡಲು ಎಂದರೆ ಪೂರ್ವ. ಪಾಯವೆಂದರೆ ಇಲ್ಲಿ ಮಟ್ಟು ಅಥವಾ ಪದ್ಧತಿ. ಘಟ್ಟದ ಕೆಳಗಿನ ಮತ್ತು ಮಲೆನಾಡಿನ ಪಡುವಲಪಾಯಕ್ಕೆ ಎದುರಾಗಿ ಬಯಲುಸೀಮೆಯ ಯಕ್ಷಗಾನಕ್ಕೆ ಈ ಹೆಸರು. ಸುಗ್ಗಿಯು ಮುಗಿದು, ರಾಗಿಯು ಮನೆಗೆ ಬಂದು, ಕಣವು ಬರಿದಾಗಿರುವ ತಿಂಗಳುಗಳೇ ಇದರ ಕಾಲ. ಊರಿನವರೇ ಕಂಬಗಳನ್ನು ನೆಟ್ಟು, ತೆಂಗಿನ ಗರಿಗಳನ್ನು ಹೆಣೆದು ಚಪ್ಪರವನ್ನು ಹಾಕುವರು. ವೇಷಕಟ್ಟುವ ಮನೆಗೂ ಅದೇ ಗರಿಯ ಮರೆ. ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಹಗುರವಾದ ಮರದಲ್ಲಿ ಕೆತ್ತಿ ಬಣ್ಣದ ಕಾಗದವನ್ನೂ ಕನ್ನಡಿಯ ಚೂರುಗಳನ್ನೂ ಅಂಟಿಸಿರುವರು; ಪಂಜಿನ ಬೆಳಕು ತಾಗಿದಾಗ ಅವು ಹೊಳೆಯುವ ಬಗೆಯನ್ನು ವಿದ್ಯುದ್ದೀಪದ ಕೆಳಗೆ ನೋಡಿದವರು ಊಹಿಸಲಾರರು. ಸ್ತ್ರೀವೇಷಗಳನ್ನೂ ಗಂಡಸರೇ ಹಾಕುವ ರೂಢಿ. ಗಣಪತಿಯ ಪೂಜೆಯಾದ ಮೇಲೆ ಕೋಡಂಗಿಯು ಬಂದು ನಗಿಸುವನು, ಬಾಲಗೋಪಾಲರು ಕುಣಿಯುವರು. ಆಮೇಲೆ ಪ್ರಸಂಗದ ಪಾತ್ರಗಳು ಒಂದೊಂದಾಗಿ ತೆರೆಯ ಹಿಂದಿನಿಂದ ಹೊರಡುವುವು.

ಪಾತ್ರವು ಹೊರಟೊಡನೆ ಸಾರಥಿಯು ಎದುರು ನಿಂತು, ಬಂದವರು ಯಾರು, ಯಾವ ಊರಿನವರು, ಬಂದ ಕಾರಣವೇನು ಎಂದು ಕೇಳುವನು. ದೇವೇಂದ್ರನಾಗಲಿ ರಾವಣನಾಗಲಿ ಈ ಹಳ್ಳಿಯ ಸಾರಥಿಗೆ ಉತ್ತರವನ್ನು ಹೇಳಿಯೇ ಮುಂದಕ್ಕೆ ಹೋಗಬೇಕು. ಸಾರಥಿಯು ಬೇಕಾದಾಗ ಸೇವಕನಾಗುವನು, ಬೇಕಾದಾಗ ದೂತನಾಗುವನು, ಬೇಕಾದಾಗ ಊರಿನ ಪಟೇಲರನ್ನೂ ಸೆಟ್ಟರನ್ನೂ ಸೂಚ್ಯವಾಗಿ ಹಾಸ್ಯಮಾಡುವನು. ರಾತ್ರಿಯೆಲ್ಲ ರಂಗದ ಮೇಲೆಯೇ ಇರತಕ್ಕ ಈತನಿಗೆ ಭಾಗವತನಷ್ಟೇ ಪ್ರಸಂಗದ ತಿಳಿವಳಿಕೆ ಬೇಕು. ರಾಜನ ಪಾತ್ರಧಾರಿಯು ಮಾತನ್ನು ಮರೆತರೆ ಆಟವನ್ನು ಕಾಯುವವನು ಇವನೇ.

ಇದು ಕರಾವಳಿಯ ಆಟದ ಕೆಟ್ಟ ರೂಪವೆಂಬ ಮಾತನ್ನು ಇಲ್ಲಿ ಪರಿಶೀಲಿಸಬಹುದು. ಕರಾವಳಿಯ ಹಿಮ್ಮೇಳಕ್ಕೆ ಚೆಂಡೆಯೇ ಪ್ರಾಣ. ಮೂಡಲಪಾಯದ ಹಿಮ್ಮೇಳಕ್ಕೆ ಮುಖವೀಣೆಯು ಪ್ರಾಣ. ಗೇಣುದ್ದದ ಈ ಊದುವಾದ್ಯವು ಭಾಗವತನ ಪದವನ್ನು ಹಿಂಬಾಲಿಸಿ, ಪದವು ಮುಗಿದ ಮೇಲೆ ಅದರ ಎಳೆಯನ್ನು ಹಿಡಿದು ಕುಣಿತಕ್ಕೆ ಒಪ್ಪಿಸುವುದು. ಚೆಂಡೆಯ ಆಟವು ಹೊರಳಿ ಹೊರಳಿ ಮುಖವೀಣೆಯ ಆಟವಾಗುವುದು ಹೇಗೆ? ಪ್ರಸಂಗಗಳನ್ನು ನೋಡಿದರೂ ಅಷ್ಟೆ. ರಾಮಾಯಣ ಮಹಾಭಾರತಗಳ ಕಥೆಗಳು ಎರಡು ಕಡೆಗೂ ಸಾಮಾನ್ಯವಾದರೂ ಮೂಡಲಪಾಯದವರಿಗೆ ಬಹುಪ್ರಿಯವಾದ ಕರಿಭಂಟನ ಕಾಳಗವು ಹಳೆಯ ಮೈಸೂರು ಸೀಮೆಯ ಜನರಲ್ಲಿಯೇ ಬೆಳೆದ ಕಥೆ. ವೇಷದ ಕಟ್ಟೂ ಬೇರೆ, ಕುಣಿತದ ಹೆಜ್ಜೆಯೂ ಬೇರೆ. ಇವೆರಡೂ ಒಂದೇ ಬೇರಿನ ಎರಡು ಕವಲುಗಳಾಗಿರಬಹುದು. ಒಂದು ಮರವಾಗಿ ಮತ್ತೊಂದು ಅದರ ಬಿದ್ದ ಕೊಂಬೆಯಾಗಿದೆ ಎಂಬುದಕ್ಕೆ ಆಧಾರವಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಿದ್ವಾಂಸರಾಗಿದ್ದ ಜೀ. ಶಂ. ಪರಮಶಿವಯ್ಯನವರು ಹಳ್ಳಿಹಳ್ಳಿಗೆ ತಿರುಗಿ ಭಾಗವತರನ್ನು ಕಂಡು, ಈ ಆಟಕ್ಕೆ ಸ್ವತಂತ್ರವಾದ ಲಕ್ಷಣವುಂಟೆಂಬುದನ್ನು ಬರೆದು ತೋರಿಸಿದರು. ಕರಾವಳಿಯ ಆಟಕ್ಕೆ ದೇವಾಲಯಗಳ ಮೇಳಗಳೂ ಸಂಬಳದ ಕಲಾವಿದರೂ ಒದಗಿದರು; ಇಲ್ಲಿ ಹಗಲು ನೇಗಿಲು ಹಿಡಿದವನೇ ರಾತ್ರಿ ಕಿರೀಟವನ್ನು ಧರಿಸಬೇಕಾಗಿತ್ತು. ಹೊರಗಿನವರಿಗೆ ಕಂಡ ನಯದ ವ್ಯತ್ಯಾಸಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕು. ಹುಟ್ಟಿನ ಮೇಲು ಕೀಳುಗಳಲ್ಲಲ್ಲ.

ಮೂಡಲಪಾಯಕ್ಕೆ ನಿಜವಾದ ಪ್ರತಿಸ್ಪರ್ಧಿಯು ಪಡುವಣಿಂದ ಬರಲಿಲ್ಲ. ಕೆಲವೇ ಹರದಾರಿಗಳ ದೂರದ ಗುಬ್ಬಿಯಿಂದ ಬಂದಿತು. 1884ರಲ್ಲಿ ಗುಬ್ಬಿಯ ಕೆಲವರು ಕೂಡಿ ಶ್ರೀ ಚನ್ನಬಸವೇಶ್ವರ ಸ್ವಾಮಿಯ ಕೃಪೆಯನ್ನು ಹೆಸರಿನಲ್ಲಿಯೇ ಧರಿಸಿದ ನಾಟಕಮಂಡಲಿಯೊಂದನ್ನು ಕಟ್ಟಿದರು. ಅದೇ ಕಾಲದಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಉಗಿಬಂಡಿಯು ಬಂದು, 1889ರ ವೇಳೆಗೆ ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ಹಾದು ಹರಿಹರದವರೆಗೆ ಹಳಿಯು ನಡೆಯಿತು. ಪರದೆ, ಪೆಟ್ಟಿಗೆ, ಪೀಠೋಪಕರಣಗಳನ್ನು ಹೊತ್ತು ಊರೂರು ತಿರುಗಬೇಕಾದ ಕಂಪೆನಿಗೆ ರೈಲಿನ ಉಪಕಾರವು ಅಲ್ಪವಲ್ಲ. ಬಾಲ್ಯದಲ್ಲಿಯೇ ಈ ಮಂಡಲಿಯನ್ನು ಸೇರಿದ ಗುಬ್ಬಿ ವೀರಣ್ಣನವರು ಮುಂದೆ ಅದರ ಒಡೆಯರಾಗಿ, ಹಾಸ್ಯನಟರಾಗಿ, ಕನ್ನಡ ರಂಗಭೂಮಿಗೇ ಹೆಸರಾದರು; 1972ರಲ್ಲಿ ದಿವಂಗತರಾದರು. ಬೆಳ್ಳಾವೆಯ ನರಹರಿಶಾಸ್ತ್ರಿಗಳು ಇದೇ ಜಿಲ್ಲೆಯವರು. ಗುಬ್ಬಿಯ ಕಂಪೆನಿಗೆ ಕೃಷ್ಣಲೀಲೆಯನ್ನು ಬರೆದುಕೊಟ್ಟರು, 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನಾಕ್ಕೂ ಮಾತು ಹಾಡುಗಳನ್ನು ರಚಿಸಿದರು. ವೀರಣ್ಣನವರ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಅದನ್ನು ಕಂಡು ಬಂದವನ ಕಣ್ಣಿಗೆ ಕಣದಲ್ಲಿನ ಕೋಲುಗುದುರೆಯು ರುಚಿಸುವುದು ಕಷ್ಟ.

ಹಳ್ಳಿಗಳಲ್ಲಿ ಇದರಿಂದಾದ ಪರಿಣಾಮವು ವಿಚಿತ್ರವಾದುದು. ಜನರು ನಾಟಕವನ್ನು ನೋಡಿ ಸುಮ್ಮನಾಗಲಿಲ್ಲ, ತಾವೇ ಆಡತೊಡಗಿದರು. ಕುರುಕ್ಷೇತ್ರ, ದಕ್ಷಯಜ್ಞ ಮೊದಲಾದ ಪೌರಾಣಿಕ ನಾಟಕಗಳನ್ನು ಊರಿನ ಯುವಕರೂ ಗೃಹಸ್ಥರೂ ಕಲಿತು ಜಾತ್ರೆಯಲ್ಲಿ ಆಡುವ ವಾಡಿಕೆಯು ಈ ಮೂರು ತಾಲ್ಲೂಕುಗಳಲ್ಲಿ ಇಂದಿಗೂ ಬಲವಾಗಿದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಕಂದಪದ್ಯಗಳನ್ನು ಹೇಳಿಕೊಡುವರು. ಸೀನರಿಯನ್ನೂ ಉಡುಪನ್ನೂ ಬಾಡಿಗೆಗೆ ತರುವರು. ಪಾತ್ರಕ್ಕೆ ಇಂತಿಷ್ಟೆಂದು ಪಾತ್ರಧಾರಿಯೇ ಹಣವನ್ನು ಕೊಡಬೇಕು. ಕೃಷ್ಣನಿಗೂ ದುರ್ಯೋಧನನಿಗೂ ಬೆಲೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಕೈಯಿಂದ ಹಣವನ್ನು ತೆತ್ತು ರಾತ್ರಿಯೆಲ್ಲ ನಿದ್ದೆಗೆಟ್ಟು ಹಾಡುವವರನ್ನು ಪಟ್ಟಣದ ವಿಮರ್ಶಕರು ಹಾಸ್ಯಮಾಡುವುದುಂಟು. ಹಾಸ್ಯಮಾಡುವವರಲ್ಲಿ ಎಷ್ಟು ಮಂದಿ ತಮ್ಮ ಪ್ರೀತಿಯ ಕಲೆಗೆ ಸ್ವಂತ ಹಣವನ್ನು ಹಾಕಿರುವರೆಂಬುದನ್ನೂ ಕೇಳಬೇಕಾಗುವುದು.

ಇಲ್ಲಿ ತೆಂಗಿನ ಪಾತ್ರವನ್ನು ಗಮನಿಸಬೇಕು. ರಾಗಿಯ ಬೇಸಾಯಗಾರನಿಗೆ ಸುಗ್ಗಿಯ ಮೇಲೆ ಬಿಡುವು ದೊರೆಯುವುದು, ಹಣವು ದೊರೆಯುವುದಿಲ್ಲ. ಅವನು ಆಟಕ್ಕೆ ಮೈದುಡಿಮೆಯನ್ನೂ ಅಕ್ಕಿಬೇಳೆಯನ್ನೂ ಕೊಡಬಲ್ಲನು. ತೆಂಗಿನ ತೋಟದವನಿಗೆ ವರ್ಷದ ಎಲ್ಲ ಕಾಲದಲ್ಲಿಯೂ ಕಾಯಿ ಕೀಳುವ ಕೆಲಸವಿರುವುದು, ಕೊಬ್ಬರಿಯನ್ನು ಮಾರಿದಾಗ ರೊಕ್ಕವು ಕೈಗೆ ಬರುವುದು. ತೋಟಗಳು ಹಬ್ಬಿದಂತೆ ಬಿಡುವಿನಿಂದ ಬದುಕುತ್ತಿದ್ದ ಮೂಡಲಪಾಯವು ಹಿಂದೆ ಬಿದ್ದು, ರೊಕ್ಕದಿಂದ ಬದುಕುವ ಬಾಡಿಗೆಯ ಸೀನರಿಯ ನಾಟಕವು ಮುಂದೆ ಬಂದಿತೆಂದು ಹೇಳಿದರೆ ಅದು ಬರಿಯ ಕಲ್ಪನೆಯಾಗಲಾರದು. ಕೊಬ್ಬರಿಯ ಧಾರಣೆಯು ಕುಸಿದ ವರ್ಷ ನಾಟಕದ ಅಭ್ಯಾಸವೂ ಅರ್ಧಕ್ಕೆ ನಿಲ್ಲುವುದನ್ನು ಈ ಸೀಮೆಯವರು ಬಲ್ಲರು.

ಗ್ರಂಥಸ್ಥವಾದ ಸಾಹಿತ್ಯಕ್ಕೂ ಈ ನೆಲದಿಂದ ಸಂದ ಕಾಣಿಕೆಯು ಕಿರಿದಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ, ಎಂದರೆ ಗುಬ್ಬಿಯ ಮಂಡಲಿಯು ಹುಟ್ಟಿದ ವರ್ಷದಲ್ಲಿಯೇ, ಬಿ. ಎಂ. ಶ್ರೀಕಂಠಯ್ಯನವರು ಜನಿಸಿದರು. ಬಯಲಾಟದಲ್ಲಿ ತೊಡೆ ಮುರಿದು ಬೀಳುವ ದುರ್ಯೋಧನನಿಗೆ ಜನರು ಅಯ್ಯೋ ಎನ್ನುತ್ತಿದ್ದರು. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು ಆಧರಿಸಿ 1926ರಲ್ಲಿ ಬರೆದ ಗದಾಯುದ್ಧ ನಾಟಕವು ಆ ಅಯ್ಯೋ ಎಂಬುದಕ್ಕೆ ಗ್ರೀಕರ ರುದ್ರನಾಟಕದ ಅಚ್ಚನ್ನು ಕೊಟ್ಟಿತು. 1929ರ ಅಶ್ವತ್ಥಾಮನ್, 1935ರ ಪಾರಸಿಕರು ಅದೇ ದಾರಿಯವು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ಭಾರತೀಯ ಕಾವ್ಯಮೀಮಾಂಸೆಯಲ್ಲಿ ರಸವೆಂದರೇನೆಂಬುದನ್ನು ಸಂಸ್ಕೃತವನ್ನರಿಯದವರಿಗೂ ತಿಳಿಯುವಂತೆ ಬಿಡಿಸಿಟ್ಟರು. ಅದೇ ತಾಲ್ಲೂಕಿನ ಸಾಸಲಿನವರು ಕವಿ ಸಾ. ಶಿ. ಮರುಳಯ್ಯನವರು.

ತಿಪಟೂರು ಪಟ್ಟಣವು ಕನ್ನಡಿಗರಿಗೆ ಕೊಟ್ಟ ಅತ್ಯಂತ ಪರಿಚಿತವಾದ ಮುಖವು ನಗೆಯ ಮುಖ. ಟಿ. ಆರ್. ನರಸಿಂಹರಾಜು ಅವರು ಇಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ನಾಟಕಕಂಪೆನಿಗಳನ್ನು ಸೇರಿ, ಗುಬ್ಬಿಯ ರಂಗದಲ್ಲಿಯೂ ಪಳಗಿದರು. ಶಿವಶರಣನಾದ ಕಣ್ಣಪ್ಪನ ಕಥೆಯನ್ನು ಗುಬ್ಬಿಯವರು ಬೇಡರ ಕಣ್ಣಪ್ಪ ಎಂಬ ಹೆಸರಿನಿಂದ 1954ರಲ್ಲಿ ಚಿತ್ರವಾಗಿಸಿದಾಗ ರಾಜಕುಮಾರರೊಡನೆ ನರಸಿಂಹರಾಜು ಅವರೂ ತೆರೆಗೆ ಬಂದರು. 1979ರಲ್ಲಿ ತೀರಿಕೊಳ್ಳುವವರೆಗೆ ನೂರಾರು ಚಿತ್ರಗಳಲ್ಲಿ ನಗಿಸಿದರು. ನಾಯಕನ ಬೆನ್ನಿಗಿದ್ದು, ಕಥೆಯೊಳಗೂ ಹೊರಗೂ ಸಲೀಸಾಗಿ ಓಡಾಡಿ, ದೊಡ್ಡವರ ಬಿಗುಮಾನವನ್ನು ಒಂದು ಮಾತಿನಲ್ಲಿ ಸಡಿಲಿಸುವ ಅವರ ಪಾತ್ರಗಳನ್ನು ನೋಡಿದ ಈ ಸೀಮೆಯ ಹಿರಿಯರಿಗೆ ಬಯಲಾಟದ ಸಾರಥಿಯ ನೆನಪಾಗದೆ ಇರದು. ಇದನ್ನು ವಂಶಾವಳಿಯಾಗಿ ಸಾಧಿಸಲಾಗದು. ಹೋಲಿಕೆಯು ಮಾತ್ರ ಸ್ಪಷ್ಟವಾಗಿದೆ.

ಪಟ್ಟಣದಲ್ಲಿ ಸತ್ಯಗಣಪತಿಯ ಮಂಟಪದೆದುರು ಭಾದ್ರಪದದಿಂದ ಮೊದಲ್ಗೊಂಡು ವಾರಗಟ್ಟಲೆ ಹರಿಕಥೆ, ಸಂಗೀತ, ನಾಟಕಗಳು ನಡೆಯುತ್ತವೆ. ಕಿವಿಗೆ ಅಲ್ಲಿ ಬಡತನವಿಲ್ಲ. ಬಡತನವಿರುವುದು ಮುಖವೀಣೆಗೆ. ಮೂಡಲಪಾಯವನ್ನು ಈಗಲೂ ಆಡುವ ಊರುಗಳಲ್ಲಿ ಬಹುಮಟ್ಟಿಗೆ ಅದರ ಸ್ಥಾನದಲ್ಲಿ ಹಾರ್ಮೋನಿಯಂ ಬಂದು ಕುಳಿತಿದೆ. ಹಾರ್ಮೋನಿಯಂ ಬಲ್ಲ ಮೇಷ್ಟ್ರು ನಾಟಕದ ನಿಮಿತ್ತ ಎಲ್ಲೆಡೆಯೂ ದೊರೆಯುವರು. ಮುಖವೀಣೆಯನ್ನು ಊದುವವನು ಬಾಲ್ಯದಿಂದಲೇ ಉಸಿರನ್ನು ಪಳಗಿಸಬೇಕು, ಕಲಿತ ಮೇಲೂ ವರ್ಷಕ್ಕೆ ಕೆಲವೇ ರಾತ್ರಿಗಳ ಕೆಲಸ. ಹಾರ್ಮೋನಿಯಮ್ಮಿನ ಸ್ವರಗಳು ಬಿಡಿಬಿಡಿಯಾಗಿ ನಿಲ್ಲುವುದರಿಂದ ಭಾಗವತನ ಜಾರುವ ಪದವನ್ನು ಅದು ಹಿಡಿಯಲಾರದು. ಭಾಗವತನೇ ತನ್ನ ಪದವನ್ನು ಅದಕ್ಕೆ ತಕ್ಕಂತೆ ನೇರಮಾಡಿಕೊಳ್ಳುವನು. ಹೀಗೆ ಒಂದು ವಾದ್ಯದೊಡನೆ ಹಾಡಿನ ಮಟ್ಟೂ ಬದಲಾಗುವುದು. ಪ್ರಸಂಗಗಳ ಕೈಬರಹದ ಹೊತ್ತಿಗೆಗಳು ಭಾಗವತರ ಮನೆಗಳ ಪೆಟ್ಟಿಗೆಗಳಲ್ಲಿ, ಕೆಲವೆಡೆ ಕೊಬ್ಬರಿಯ ಅಟ್ಟಗಳಲ್ಲಿಯೇ ಇರುವುವು. ಅವುಗಳನ್ನು ಓದಿದವನಿಗೆ ಪದವು ತಿಳಿಯುವುದು. ರಾಗತಾಳಗಳ ಹೆಸರೂ ಪದದ ತಲೆಯ ಮೇಲೆ ಬರೆದಿರುವುದು. ಆದರೆ ಆ ಹೆಸರಿನ ರಾಗವನ್ನು ಮೂಡಲಪಾಯದವರು ಹೇಗೆ ಹಾಡುತ್ತಿದ್ದರೆಂಬುದು ಹೊತ್ತಿಗೆಯಲ್ಲಿಲ್ಲ, ಹಾಡಬಲ್ಲ ವೃದ್ಧರ ಕಂಠದಲ್ಲಿದೆ.